ನದಿ ಕಣಿವೆ ಮತ್ತು ಅರಣ್ಯ ಪ್ರದೇಶದಲ್ಲಿ ವಾಹನರಹಿತ ಸೈಕಲ್ ಪ್ರವಾಸ: ಗ್ರೇಟ್ ಅಲಿಗೇನಿ ಪ್ಯಾಸೇಜ್ ಮಾರ್ಗದ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ವ್ಯಾಸಂಗ, ಉದ್ಯೋಗ ಅಥವಾ ಕುಟುಂಬ ಭೇಟಿಯ ನಿಮಿತ್ತ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತೆರಳುವ ಕನ್ನಡಿಗರ ಸಂಖ್ಯೆ ಗಣನೀಯವಾಗಿದೆ. ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ತಂಗುವ ತಂದೆ ತಾಯಿಯರೂ, ರಜೆಯ ದಿನಗಳನ್ನು ಹೊರಾಂಗಣದಲ್ಲಿ ಕಳೆಯಲು ಬಯಸುವ ವಿದ್ಯಾರ್ಥಿಗಳೂ ಮೋಟಾರು ವಾಹನಗಳ ಭಯವಿಲ್ಲದೆ ಸೈಕಲ್ ಸವಾರಿ ಮಾಡಬಹುದಾದ ದೀರ್ಘ ಮಾರ್ಗದ ಬಗ್ಗೆ ಮಾಹಿತಿ ಅಪೇಕ್ಷಿಸುವುದು ಸಹಜ. ಅಂತಹ ಮಾರ್ಗಗಳ ಪೈಕಿ ಪೆನ್ಸಿಲ್ವೇನಿಯ ಮತ್ತು ಮೇರಿಲ್ಯಾಂಡ್ ರಾಜ್ಯಗಳಲ್ಲಿ ಹಾದುಹೋಗುವ ಗ್ರೇಟ್ ಅಲಿಗೇನಿ ಪ್ಯಾಸೇಜ್ ಪ್ರಮುಖವಾದುದು. ಸದರಿ ಮಾರ್ಗದ ಸ್ವರೂಪ, ಇತಿಹಾಸ, ನಿಯಮಗಳು ಹಾಗೂ ಪ್ರಯಾಣಿಕರು ಕೈಗೊಳ್ಳಬೇಕಾದ ಪೂರ್ವಸಿದ್ಧತೆಗಳನ್ನು ಈ ಪುಟದಲ್ಲಿ ಕ್ರೋಡೀಕರಿಸಲಾಗಿದೆ.

ಪ್ರಾರಂಭದಲ್ಲಿಯೇ ಒಂದು ಅಂಶವನ್ನು ಗಮನಕ್ಕೆ ತರಲಾಗುತ್ತಿದೆ. ವಾಹನ ಸಂಚಾರವಿಲ್ಲದ ಮಾರ್ಗದಲ್ಲಿ ವಾಹನದಿಂದಾಗುವ ಅಪಾಯವಿರುವುದಿಲ್ಲ. ಅದೇ ಕಾರಣದಿಂದ ವಾಹನದ ನೆರವೂ ಕೂಡಲೇ ದೊರೆಯುವುದಿಲ್ಲ. ಊರಿನಿಂದ ಊರಿಗೆ ಹಲವು ಕಿಲೋಮೀಟರ್ ಅಂತರವಿರುವ ಕಾಡಿನ ದಾರಿಯಲ್ಲಿ ನೀರು, ದುರಸ್ತಿ ಮತ್ತು ಬೆಳಕಿನ ವ್ಯವಸ್ಥೆಯನ್ನು ಸವಾರರೇ ಮಾಡಿಕೊಂಡಿರತಕ್ಕದ್ದು. ಮುಂದಿನ ಎಲ್ಲ ಸೂಚನೆಗಳನ್ನು ಈ ದೃಷ್ಟಿಯಿಂದ ಓದಿಕೊಳ್ಳಬೇಕಾಗಿ ಕೋರಲಾಗಿದೆ.

2. ಮಾರ್ಗದ ಸ್ಥೂಲ ಪರಿಚಯ

ಗ್ರೇಟ್ ಅಲಿಗೇನಿ ಪ್ಯಾಸೇಜ್ ಮಾರ್ಗವು ಪೆನ್ಸಿಲ್ವೇನಿಯದ ಪಿಟ್ಸ್‌ಬರ್ಗ್ ನಗರದಿಂದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್ ಪಟ್ಟಣದವರೆಗೆ ಸುಮಾರು 241 ಕಿಲೋಮೀಟರ್ (150 ಮೈಲಿ) ಉದ್ದವಿರುತ್ತದೆ. ಮೈಲಿಗಲ್ಲುಗಳ ಎಣಿಕೆಯು ಕಂಬರ್‌ಲ್ಯಾಂಡ್‌ನಲ್ಲಿ ಸೊನ್ನೆಯಿಂದ ಆರಂಭವಾಗಿ ಪಿಟ್ಸ್‌ಬರ್ಗ್‌ನಲ್ಲಿ 150ಕ್ಕೆ ಮುಕ್ತಾಯವಾಗುತ್ತದೆ. ಮಾರ್ಗದ ಬಹುಭಾಗ ಹಿಂದೆ ರೈಲು ಓಡಾಡುತ್ತಿದ್ದ ಹಾದಿಯಾಗಿದ್ದು, ಹಳಿಗಳನ್ನು ತೆಗೆದ ನಂತರ ಸುಣ್ಣಕಲ್ಲಿನ ಪುಡಿಯನ್ನು ಹರಡಿ ಗಟ್ಟಿಗೊಳಿಸಲಾಗಿದೆ. ಪಿಟ್ಸ್‌ಬರ್ಗ್ ನಗರದ ಸುತ್ತಮುತ್ತ ಮಾತ್ರ ಡಾಂಬರು ಅಥವಾ ಕಾಂಕ್ರೀಟ್ ಹಾಸು ಇರುತ್ತದೆ.

ಪಾದಚಾರಿಗಳು ಮತ್ತು ಸೈಕಲ್ ಸವಾರರು ಈ ಮಾರ್ಗವನ್ನು ಬಳಸಬಹುದು. ತುರ್ತು ಸೇವೆ ಹಾಗೂ ನಿರ್ವಹಣೆಗೆ ಸಂಬಂಧಿಸಿದ ವಾಹನಗಳ ಹೊರತು ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಆದಾಗ್ಯೂ ಊರುಗಳ ಬಳಿ ಮಾರ್ಗವು ಸಾರ್ವಜನಿಕ ರಸ್ತೆಗಳನ್ನು ಅಡ್ಡಹಾಯುತ್ತದೆ. ಅಂತಹ ಸ್ಥಳಗಳಲ್ಲಿ ಸೈಕಲ್ ನಿಲ್ಲಿಸಿ, ಎರಡೂ ಕಡೆ ನೋಡಿ ದಾಟತಕ್ಕದ್ದು.

ಮಾರ್ಗವು ಪಿಟ್ಸ್‌ಬರ್ಗ್‌ನಿಂದ ಮೆಕೀಸ್‌ಪೋರ್ಟ್‌ವರೆಗೆ ಮೊನೊಂಗಹೀಲ ನದಿಯನ್ನೂ, ಅಲ್ಲಿಂದ ಕಾನ್‌ಫ್ಲುಯೆನ್ಸ್ ಎಂಬ ಊರಿನವರೆಗೆ ಯಾಕಗೇನಿ ನದಿಯನ್ನೂ, ಮುಂದೆ ಮೈಯರ್ಸ್‌ಡೇಲ್ ಸಮೀಪದವರೆಗೆ ಕ್ಯಾಸಲ್‌ಮನ್ ನದಿಯನ್ನೂ ಅನುಸರಿಸಿ, ಅಲಿಗೇನಿ ಪರ್ವತವನ್ನು ದಾಟಿ, ಪೊಟೋಮ್ಯಾಕ್ ನದಿಯ ದಡದಲ್ಲಿರುವ ಕಂಬರ್‌ಲ್ಯಾಂಡ್ ತಲುಪುತ್ತದೆ.

3. ಮಾರ್ಗವು ರೂಪುಗೊಂಡ ಬಗೆ

ಕಂಬರ್‌ಲ್ಯಾಂಡ್‌ನಿಂದ ಕನೆಲ್ಸ್‌ವಿಲ್‌ವರೆಗೆ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಮಾರ್ಗವು 1912ರಲ್ಲಿ ಪೂರ್ಣಗೊಂಡಿತ್ತು. ಕಲ್ಲಿದ್ದಲು, ಕೋಕ್ ಮತ್ತು ಉಕ್ಕಿನ ಸಾಗಣೆಗೆ ಆಸರೆಯಾಗಿದ್ದ ಈ ಮಾರ್ಗದಲ್ಲಿ 1975ರಲ್ಲಿ ರೈಲು ಸಂಚಾರ ಸ್ಥಗಿತವಾಯಿತು. ಕನೆಲ್ಸ್‌ವಿಲ್‌ನಿಂದ ಮೆಕೀಸ್‌ಪೋರ್ಟ್ ಕಡೆಗೆ ಇದ್ದ ಪಿಟ್ಸ್‌ಬರ್ಗ್ ಮತ್ತು ಲೇಕ್ ಈರಿ ರೈಲ್ವೆಯ ಮಾರ್ಗವು 1990ರ ದಶಕದ ಆರಂಭದಲ್ಲಿ ಬಳಕೆಯಿಂದ ಹೊರಗುಳಿಯಿತು.

ರೈಲು ನಿಂತ ನಂತರ ಹಾದಿಯ ಜಮೀನು ಏನಾಗುತ್ತದೆ ಎಂಬುದು ಮಹತ್ವದ ಪ್ರಶ್ನೆ. ಅಮೆರಿಕದಲ್ಲಿ ಅನೇಕ ಕಡೆ ರೈಲ್ವೆ ಕಂಪನಿಗಳು ಜಮೀನಿನ ಮಾಲೀಕತ್ವದ ಬದಲಾಗಿ ಅದರ ಮೇಲೆ ಹಾದುಹೋಗುವ ಹಕ್ಕನ್ನು ಮಾತ್ರ ಪಡೆದಿದ್ದವು. ಸಂಚಾರವನ್ನು ಶಾಶ್ವತವಾಗಿ ಕೈಬಿಟ್ಟಲ್ಲಿ ಆ ಹಕ್ಕು ಅಂತ್ಯಗೊಂಡು, ಜಮೀನು ಅಕ್ಕಪಕ್ಕದ ಹಿಡುವಳಿದಾರರಿಗೆ ಸೇರುತ್ತದೆ. ಹೀಗೆ ತುಂಡು ತುಂಡಾದ ಹಾದಿಯನ್ನು ಮತ್ತೆ ಒಂದುಗೂಡಿಸುವುದು ಬಹುತೇಕ ಅಸಾಧ್ಯ. ನೂರಾರು ಕಿಲೋಮೀಟರ್ ಹಾದಿಯ ನಡುವೆ ಒಂದು ಕಿಲೋಮೀಟರ್ ಕೈತಪ್ಪಿದರೂ ಸವಾರನು ಹೆದ್ದಾರಿಗೆ ಇಳಿಯಬೇಕಾಗುತ್ತದೆ.

ಈ ತೊಂದರೆಯ ನಿವಾರಣೆಗಾಗಿ ಅಮೆರಿಕದ ರಾಷ್ಟ್ರೀಯ ಪಥಗಳ ಅಧಿನಿಯಮಕ್ಕೆ 1983ರಲ್ಲಿ ತಿದ್ದುಪಡಿ ತರಲಾಯಿತು. ಅದರಂತೆ, ಮುಂದೊಂದು ದಿನ ರೈಲು ಸಂಚಾರ ಮರಳಿ ಬೇಕಾಗಬಹುದೆಂಬ ಆಧಾರದ ಮೇಲೆ ಹಾದಿಯನ್ನು ಅಖಂಡವಾಗಿ ಕಾಯ್ದಿಟ್ಟು, ಅಲ್ಲಿಯವರೆಗೆ ನಡಿಗೆ ಹಾಗೂ ಸೈಕಲ್ ಪಥವಾಗಿ ಬಳಸಲು ಅವಕಾಶ ಕಲ್ಪಿಸಲಾಗಿದೆ. 1990ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಈ ಉಪಬಂಧವನ್ನು ಎತ್ತಿಹಿಡಿಯಿತು. ಜಮೀನಿನ ಮಾಲೀಕರು ಪರಿಹಾರ ಕೋರಲು ಇರುವ ಮಾರ್ಗವನ್ನು ಮುಕ್ತವಾಗಿಯೇ ಉಳಿಸಿತು.

ಆದರೆ ಯಾಕಗೇನಿ ಕಣಿವೆಯ ರೈಲು 1975ರಲ್ಲಿಯೇ, ಅಂದರೆ ಈ ತಿದ್ದುಪಡಿ ಬರುವ ಮೊದಲೇ ನಿಂತಿತ್ತು. ಆದ್ದರಿಂದ ಹಾದಿಯನ್ನು ಉಳಿಸಲು ಖರೀದಿಯೊಂದೇ ಉಪಾಯವಾಗಿತ್ತು. ವೆಸ್ಟರ್ನ್ ಪೆನ್ಸಿಲ್ವೇನಿಯ ಕನ್ಸರ್ವೆನ್ಸಿ ಎಂಬ ಸಂರಕ್ಷಣಾ ಸಂಸ್ಥೆಯು ಕನೆಲ್ಸ್‌ವಿಲ್ ಮತ್ತು ಕಾನ್‌ಫ್ಲುಯೆನ್ಸ್ ನಡುವಿನ ಹಾದಿಯನ್ನು 1978ರಲ್ಲಿ ಖರೀದಿಸಿತು. ಇದರ ಫಲವಾಗಿ ಒಹಾಯೊಪೈಲ್ ಬಳಿ ಸುಮಾರು 9 ಮೈಲಿ ಉದ್ದದ ಮೊದಲ ಭಾಗವು 1986ರಲ್ಲಿ ಸಾರ್ವಜನಿಕ ಬಳಕೆಗೆ ತೆರೆಯಿತು. ಅಲ್ಲಿಂದ ಮುಂದೆ ಸ್ಥಳೀಯ ಸ್ವಯಂಸೇವಾ ಸಂಘಗಳು, ಕೌಂಟಿ ಆಡಳಿತಗಳು ಮತ್ತು ರಾಜ್ಯ ಸರ್ಕಾರಗಳು ಒಂದೊಂದೇ ತುಣುಕನ್ನು ಜೋಡಿಸುತ್ತ ಬಂದವು. ಪಿಟ್ಸ್‌ಬರ್ಗ್ ಸಮೀಪದ ಕೊನೆಯ ತುಣುಕು ಸೇರಿ ಮಾರ್ಗವು ಸಂಪೂರ್ಣಗೊಂಡದ್ದು 2013ರ ಜೂನ್ ತಿಂಗಳಲ್ಲಿ. 9 ಮೈಲಿಯಿಂದ 150 ಮೈಲಿಗೆ ತಲುಪಲು 27 ವರ್ಷಗಳು ಬೇಕಾದವು.

4. ಕಣಿವೆ, ಅರಣ್ಯ ಮತ್ತು ಊರುಗಳು

ಪಿಟ್ಸ್‌ಬರ್ಗ್‌ನಿಂದ ಹೊರಡುವ ಪ್ರಯಾಣಿಕರ ಅನುಕೂಲಕ್ಕಾಗಿ ಮಾರ್ಗದ ವಿವರಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ನೀಡಲಾಗಿದೆ.

ಅ) ಪಿಟ್ಸ್‌ಬರ್ಗ್‌ನಿಂದ ಮೆಕೀಸ್‌ಪೋರ್ಟ್: ಅಲಿಗೇನಿ ಮತ್ತು ಮೊನೊಂಗಹೀಲ ನದಿಗಳು ಸಂಗಮಿಸಿ ಒಹಾಯೊ ನದಿಯಾಗುವ ಸ್ಥಳದಲ್ಲಿ ಮಾರ್ಗದ ಪಶ್ಚಿಮ ತುದಿ ಇದೆ. ಮೊದಲ ಭಾಗವು ಹಳೆಯ ಉಕ್ಕಿನ ಕಾರ್ಖಾನೆಗಳ ಪ್ರದೇಶವಾಗಿರುತ್ತದೆ. ಮೊನೊಂಗಹೀಲ ನದಿಯನ್ನು ದಾಟುವ ಹಾಟ್ ಮೆಟಲ್ ಸೇತುವೆಯ ಮೇಲೆ ಹಿಂದೆ ಕರಗಿದ ಕಬ್ಬಿಣವನ್ನು ಒಂದು ದಡದ ಕುಲುಮೆಯಿಂದ ಇನ್ನೊಂದು ದಡದ ಕಾರ್ಖಾನೆಗೆ ಸಾಗಿಸಲಾಗುತ್ತಿತ್ತು. 1892ರ ಕಾರ್ಮಿಕ ಮುಷ್ಕರದಿಂದ ಇತಿಹಾಸದಲ್ಲಿ ದಾಖಲಾದ ಹೋಮ್‌ಸ್ಟೆಡ್ ಪಟ್ಟಣವು ಇದೇ ದಡದಲ್ಲಿದೆ. ಅಲ್ಲಿನ ಉಕ್ಕಿನ ಕಾರ್ಖಾನೆ 1986ರಲ್ಲಿ ಮುಚ್ಚಿತು.

ಆ) ಮೆಕೀಸ್‌ಪೋರ್ಟ್‌ನಿಂದ ಕನೆಲ್ಸ್‌ವಿಲ್: ಇಲ್ಲಿಂದ ಯಾಕಗೇನಿ ನದಿಯ ಸಂಗ ಆರಂಭವಾಗುತ್ತದೆ. ದಾರಿಯು ಬಹುತೇಕ ಸಮತಟ್ಟಾಗಿದ್ದು ಮರಗಳ ನೆರಳಿನಲ್ಲಿ ಸಾಗುತ್ತದೆ. ವೆಸ್ಟ್ ನ್ಯೂಟನ್ ಮತ್ತು ಕನೆಲ್ಸ್‌ವಿಲ್ ಊರುಗಳಲ್ಲಿ ಆಹಾರ ಮತ್ತು ವಸತಿ ದೊರೆಯುತ್ತದೆ. ಕನೆಲ್ಸ್‌ವಿಲ್ ಒಂದು ಕಾಲಕ್ಕೆ ಕೋಕ್ ತಯಾರಿಕೆಗೆ ಹೆಸರಾಗಿತ್ತು.

ಇ) ಕನೆಲ್ಸ್‌ವಿಲ್‌ನಿಂದ ಕಾನ್‌ಫ್ಲುಯೆನ್ಸ್: ಇದು ಮಾರ್ಗದ ಅತ್ಯಂತ ದಟ್ಟವಾದ ಅರಣ್ಯಭಾಗ. ನದಿಯು ಬೆಟ್ಟವನ್ನು ಕೊರೆದು ಆಳವಾದ ಕಮರಿಯಲ್ಲಿ ಹರಿಯುತ್ತದೆ. ಸುಮಾರು 20,000 ಎಕರೆಗೂ ಮಿಗಿಲಾದ ಒಹಾಯೊಪೈಲ್ ರಾಜ್ಯ ಉದ್ಯಾನವು ಇಲ್ಲಿದ್ದು, ಓಕ್, ಮೇಪಲ್, ಹೆಮ್‌ಲಾಕ್ ಮರಗಳೂ ರೋಡೊಡೆಂಡ್ರಾನ್ ಪೊದೆಗಳೂ ಹೇರಳವಾಗಿವೆ. ಒಹಾಯೊಪೈಲ್ ಊರಿನ ನಡುವೆಯೇ ಜಲಪಾತವಿದೆ. ಜಲಪಾತದ ಕೆಳಗಿನ ನದಿಯ ತಿರುವಿನಲ್ಲಿರುವ ಫರ್ನ್‌ಕ್ಲಿಫ್ ಎಂಬ ಭೂಭಾಗವು ಸಸ್ಯ ವೈವಿಧ್ಯಕ್ಕಾಗಿ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತು ಎಂದು ಘೋಷಿತವಾಗಿದೆ. ದಕ್ಷಿಣದ ಬೆಟ್ಟಗಳಿಂದ ಉತ್ತರಕ್ಕೆ ಹರಿಯುವ ನದಿಯು ಬೀಜಗಳನ್ನು ತಂದು ಬಿಡುವುದರಿಂದ, ಈ ಪ್ರದೇಶಕ್ಕೆ ಅಪರೂಪವಾದ ಸಸ್ಯಗಳು ಇಲ್ಲಿ ನೆಲೆನಿಂತಿವೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರು 1930ರ ದಶಕದಲ್ಲಿ ತೊರೆಯ ಮೇಲೆ ರೂಪಿಸಿದ ಫಾಲಿಂಗ್‌ವಾಟರ್ ಮನೆಯು ಒಹಾಯೊಪೈಲ್‌ನಿಂದ ಕೆಲವೇ ಮೈಲಿ ದೂರದಲ್ಲಿದೆ. 2019ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿಗೆ ಹೋಗುವ ರಸ್ತೆಯು ವಾಹನ ಸಂಚಾರವುಳ್ಳ ಏರು ರಸ್ತೆಯಾಗಿರುವುದರಿಂದ ಸೈಕಲ್ ಬದಲು ಬೇರೆ ವ್ಯವಸ್ಥೆ ಮಾಡಿಕೊಳ್ಳುವುದು ಸೂಕ್ತ.

ಈ) ಕಾನ್‌ಫ್ಲುಯೆನ್ಸ್‌ನಿಂದ ಮೈಯರ್ಸ್‌ಡೇಲ್: ಸಂಗಮ ಎಂಬ ಅರ್ಥದ ಹೆಸರುಳ್ಳ ಕಾನ್‌ಫ್ಲುಯೆನ್ಸ್‌ನಲ್ಲಿ ಕ್ಯಾಸಲ್‌ಮನ್ ನದಿಯೂ ಲಾರೆಲ್ ಹಿಲ್ ತೊರೆಯೂ ಯಾಕಗೇನಿಯನ್ನು ಸೇರುತ್ತವೆ. ಇಲ್ಲಿಂದ ದಾರಿಯು ಕ್ಯಾಸಲ್‌ಮನ್ ನದಿಯೊಂದಿಗೆ ಮೇಲೇರುತ್ತದೆ. ನದಿಯ ದೊಡ್ಡ ತಿರುವೊಂದನ್ನು ತಪ್ಪಿಸಿ ನೇರವಾಗಿ ಸಾಗುವ ಪಿಂಕರ್‌ಟನ್ ಸುರಂಗವನ್ನು ದುರಸ್ತಿಗೊಳಿಸಿ 2015ರಲ್ಲಿ ಮತ್ತೆ ತೆರೆಯಲಾಯಿತು. ಮೈಯರ್ಸ್‌ಡೇಲ್ ಸಮೀಪದ ಸಾಲಿಸ್‌ಬರಿ ಮೇಲ್ಸೇತುವೆಯು 580 ಮೀಟರಿಗೂ ಹೆಚ್ಚು ಉದ್ದವಾಗಿದ್ದು, ಸುಮಾರು 30 ಮೀಟರ್ ಕೆಳಗೆ ಕಣಿವೆ, ಹೊಲಗಳು ಮತ್ತು ಹೆದ್ದಾರಿ ಕಾಣಿಸುತ್ತವೆ.

ಉ) ಮೈಯರ್ಸ್‌ಡೇಲ್‌ನಿಂದ ಕಂಬರ್‌ಲ್ಯಾಂಡ್: ಕಂಬರ್‌ಲ್ಯಾಂಡ್‌ನಿಂದ ಸುಮಾರು 38 ಕಿಲೋಮೀಟರ್ ದೂರದಲ್ಲಿ, 729 ಮೀಟರ್ ಎತ್ತರದಲ್ಲಿ ಪೂರ್ವ ಭೂಖಂಡ ಜಲವಿಭಾಜಕವಿದೆ. ಇದರ ಪಶ್ಚಿಮಕ್ಕೆ ಬಿದ್ದ ಮಳೆನೀರು ಯಾಕಗೇನಿ, ಒಹಾಯೊ ಮತ್ತು ಮಿಸಿಸಿಪ್ಪಿ ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೂ, ಪೂರ್ವಕ್ಕೆ ಬಿದ್ದ ನೀರು ಪೊಟೋಮ್ಯಾಕ್ ಮೂಲಕ ಚೆಸಪೀಕ್ ಕೊಲ್ಲಿಗೂ ಸೇರುತ್ತದೆ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ನೀರು ಬಂಗಾಳ ಕೊಲ್ಲಿಗೂ ಅರಬ್ಬಿ ಸಮುದ್ರಕ್ಕೂ ಕವಲಾಗುವುದನ್ನು ಬಲ್ಲ ಮಲೆನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜಲವಿಭಾಜಕ ದಾಟಿದ ಕೂಡಲೇ ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗ, ನಂತರ ಎರಡು ರಾಜ್ಯಗಳ ಗಡಿಯಾದ ಮೇಸನ್–ಡಿಕ್ಸನ್ ರೇಖೆ, ಬಳಿಕ ಫ್ರಾಸ್ಟ್‌ಬರ್ಗ್ ಪಟ್ಟಣ ಎದುರಾಗುತ್ತವೆ.

5. ಏರು, ಇಳಿಜಾರು ಮತ್ತು ದಿಕ್ಕಿನ ಆಯ್ಕೆ

ರೈಲು ಎಂಜಿನ್ ಕಡಿದಾದ ಏರನ್ನು ಹತ್ತಲಾರದು. ಆ ಕಾರಣ ರೈಲು ಹಾದಿಯನ್ನು ಬೆಟ್ಟದ ಮಗ್ಗುಲಿನಲ್ಲಿ ಬಳಸಿ, ಸೇತುವೆ ಮತ್ತು ಸುರಂಗಗಳ ಮೂಲಕ ನಿಧಾನವಾಗಿ ಏರಿಸಲಾಗಿರುತ್ತದೆ. ಇದರ ಪ್ರಯೋಜನ ಈಗ ಸೈಕಲ್ ಸವಾರರಿಗೆ ಲಭಿಸುತ್ತಿದೆ.

ಪಿಟ್ಸ್‌ಬರ್ಗ್ ಕಡೆಯಿಂದ ಹೊರಟಲ್ಲಿ ಸುಮಾರು 203 ಕಿಲೋಮೀಟರಿನಲ್ಲಿ 510 ಮೀಟರ್ ಏರಬೇಕಾಗುತ್ತದೆ. ಅಂದರೆ ಪ್ರತಿ 100 ಮೀಟರಿಗೆ ಸರಾಸರಿ ಕಾಲು ಮೀಟರ್. ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟಲ್ಲಿ ಸುಮಾರು 38 ಕಿಲೋಮೀಟರಿನಲ್ಲಿ 535 ಮೀಟರ್ ಏರಬೇಕಾಗುತ್ತದೆ. ಅಂದರೆ ಪ್ರತಿ 100 ಮೀಟರಿಗೆ ಸರಾಸರಿ 1.4 ಮೀಟರ್. ಹೋಲಿಕೆಗಾಗಿ ಹೇಳುವುದಾದರೆ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ ಘಟ್ಟಭಾಗದಲ್ಲಿ ಏರು 50ಕ್ಕೆ 1ರಷ್ಟು, ಎಂದರೆ 100 ಮೀಟರಿಗೆ 2 ಮೀಟರ್ ಇದೆ.

ಮೇಲ್ಕಂಡ ಲೆಕ್ಕದಂತೆ ಪಿಟ್ಸ್‌ಬರ್ಗ್‌ನಿಂದ ಪೂರ್ವಾಭಿಮುಖವಾಗಿ ಹೋಗುವುದು ಹೆಚ್ಚು ಅಭ್ಯಾಸವಿಲ್ಲದವರಿಗೆ ಅನುಕೂಲಕರ. ಕೊನೆಯ ದಿನದ ದಾರಿಯು ಸಂಪೂರ್ಣವಾಗಿ ಇಳಿಜಾರಾಗಿರುತ್ತದೆ. ಆದರೆ ಇಳಿಜಾರಿನಲ್ಲಿ ವೇಗ ಮಿತಿಮೀರದಂತೆ, ಕಲ್ಲುಪುಡಿಯ ಮೇಲೆ ಹಠಾತ್ತನೆ ಬ್ರೇಕ್ ಹಾಕದಂತೆ ಎಚ್ಚರ ವಹಿಸತಕ್ಕದ್ದು.

6. ಸೂಕ್ತ ಋತು ಮತ್ತು ಸುರಂಗ ಮುಚ್ಚುವಿಕೆ

ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಅಂತ್ಯದವರೆಗಿನ ಅವಧಿ ಸೂಕ್ತವಾದುದು. ಜೂನ್ ತಿಂಗಳಲ್ಲಿ ಹಗಲು ಸುಮಾರು 15 ಗಂಟೆಗಳಷ್ಟಿದ್ದು, ಅಕ್ಟೋಬರ್ ಕೊನೆಯ ವೇಳೆಗೆ 11 ಗಂಟೆಗಳಿಗೂ ಕಡಿಮೆಯಾಗುತ್ತದೆ. ಎಲೆಗಳು ಬಣ್ಣ ಬದಲಿಸುವ ಅಕ್ಟೋಬರ್ ಮಧ್ಯಭಾಗದಲ್ಲಿ ಪ್ರವಾಸಿಗರ ಸಂಖ್ಯೆ ಹೆಚ್ಚಿರುವುದರಿಂದ ವಸತಿಯನ್ನು ಮುಂಗಡವಾಗಿ ಕಾಯ್ದಿರಿಸತಕ್ಕದ್ದು.

ಬಿಗ್ ಸ್ಯಾವೇಜ್ ಸುರಂಗವನ್ನು ಪ್ರತಿ ವರ್ಷ ಸಾಮಾನ್ಯವಾಗಿ ಡಿಸೆಂಬರ್ ಮಧ್ಯಭಾಗದಿಂದ ಏಪ್ರಿಲ್ ಆರಂಭದವರೆಗೆ ಬಾಗಿಲು ಹಾಕಿ ಮುಚ್ಚಲಾಗುತ್ತದೆ. ಸುರಂಗದೊಳಗೆ ಒಸರುವ ನೀರು ಹೆಪ್ಪುಗಟ್ಟಿ ಗೋಡೆಗೆ ಹಾನಿಯಾಗದಿರಲೆಂದು ಈ ಕ್ರಮ ಜಾರಿಯಲ್ಲಿದೆ. ಸುರಂಗ ಮುಚ್ಚಿದ ಅವಧಿಯಲ್ಲಿ ಬೆಟ್ಟ ದಾಟಲು ಸಾರ್ವಜನಿಕ ರಸ್ತೆಗಳೇ ಗತಿಯಾಗಿದ್ದು, ಅವು ಕಡಿದಾಗಿಯೂ ವಾಹನ ಸಂಚಾರವುಳ್ಳವಾಗಿಯೂ ಇರುತ್ತವೆ. ಆದ್ದರಿಂದ ಸದರಿ ಅವಧಿಯಲ್ಲಿ ಪೂರ್ಣ ಮಾರ್ಗದ ಪ್ರವಾಸವನ್ನು ಯೋಜಿಸದಿರುವುದು ಅಥವಾ ಆ ಭಾಗವನ್ನು ಬಾಡಿಗೆ ವಾಹನದಲ್ಲಿ ದಾಟುವುದು ಸೂಕ್ತ. ದುರಸ್ತಿ ಕಾಮಗಾರಿಯ ನಿಮಿತ್ತ ಬೇರೆ ಭಾಗಗಳನ್ನು ಮುಚ್ಚುವ ಸಂಭವವೂ ಇರುವುದರಿಂದ, ಹೊರಡುವ ಮುನ್ನ ಗ್ರೇಟ್ ಅಲಿಗೇನಿ ಪ್ಯಾಸೇಜ್ ಕನ್ಸರ್ವೆನ್ಸಿಯ ಪ್ರಕಟಣೆಯನ್ನು ಪರಿಶೀಲಿಸಿಕೊಳ್ಳತಕ್ಕದ್ದು.

7. ಶುಲ್ಕ, ಅನುಮತಿ ಮತ್ತು ಬಳಕೆಯ ನಿಯಮಗಳು

(1) ಮಾರ್ಗವನ್ನು ಬಳಸಲು ಯಾವುದೇ ಶುಲ್ಕ, ಅರ್ಜಿ ಅಥವಾ ನೋಂದಣಿ ಅವಶ್ಯವಿರುವುದಿಲ್ಲ. ವಿದೇಶಿ ಪ್ರಜೆಗಳಿಗೂ ಇದು ಅನ್ವಯಿಸುತ್ತದೆ.

(2) ಅಮೆರಿಕದಲ್ಲಿ ಬಲಬದಿಯಲ್ಲಿ ಚಲಿಸುವ ನಿಯಮವಿದೆ. ಸವಾರರು ಬಲಕ್ಕೆ ಸಾಗಿ, ಮುಂದಿನವರನ್ನು ಎಡದಿಂದ ದಾಟತಕ್ಕದ್ದು. ದಾಟುವ ಮೊದಲು ಗಂಟೆ ಬಾರಿಸುವುದು ಅಥವಾ ಧ್ವನಿ ನೀಡುವುದು ರೂಢಿ.

(3) ಅಲ್ಲಿ ಬಾಡಿಗೆಗೆ ದೊರೆಯುವ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈ ಬ್ರೇಕ್ ಮುಂದಿನ ಚಕ್ರಕ್ಕೂ ಬಲಗೈ ಬ್ರೇಕ್ ಹಿಂದಿನ ಚಕ್ರಕ್ಕೂ ಜೋಡಣೆಯಾಗಿರುತ್ತದೆ. ನಮ್ಮಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ಅಭ್ಯಾಸಬಲದಿಂದ ಎಡಗೈ ಬ್ರೇಕನ್ನು ಜೋರಾಗಿ ಒತ್ತಿದಲ್ಲಿ ಮುಂದಕ್ಕೆ ಮುಗ್ಗರಿಸುವ ಅಪಾಯವಿರುವುದರಿಂದ, ಹೊರಡುವ ಮುನ್ನ ಬಯಲಿನಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು.

(4) ಪೆನ್ಸಿಲ್ವೇನಿಯದಲ್ಲಿ 12 ವರ್ಷದೊಳಗಿನ, ಮೇರಿಲ್ಯಾಂಡ್‌ನಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಧರಿಸುವುದು ಕಡ್ಡಾಯ. ಉಳಿದವರೂ ಧರಿಸುವುದು ಹಿತಕರ.

(5) ವಿದ್ಯುತ್ ಸೈಕಲ್‌ಗಳ ಪೈಕಿ ಪೆಡಲ್ ತುಳಿದಾಗ ಮಾತ್ರ ನೆರವಾಗುವ ಕಡಿಮೆ ವೇಗದ ಮಾದರಿಗೆ ಅವಕಾಶವಿದೆ. ಬಾಡಿಗೆಗೆ ಪಡೆಯುವಾಗ ಮಾದರಿಯನ್ನು ಖಚಿತಪಡಿಸಿಕೊಳ್ಳುವುದು.

8. ತಲುಪುವ ವಿಧಾನ, ವಸತಿ ಮತ್ತು ಒಯ್ಯಬೇಕಾದ ಸಾಮಗ್ರಿ

ಆಮ್‌ಟ್ರಾಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಆರಂಭಿಸಿದ ಫ್ಲೋರಿಡಿಯನ್ ಎಂಬ ರೈಲು ವಾಷಿಂಗ್ಟನ್ ಮತ್ತು ಷಿಕಾಗೊ ನಡುವಿನ ಹಾದಿಯಲ್ಲಿ ಕಂಬರ್‌ಲ್ಯಾಂಡ್, ಕನೆಲ್ಸ್‌ವಿಲ್ ಮತ್ತು ಪಿಟ್ಸ್‌ಬರ್ಗ್‌ಗಳಲ್ಲಿ ನಿಲ್ಲುತ್ತದೆ. ರೈಲಿನಲ್ಲಿ ಸೈಕಲ್ ಒಯ್ಯಲು ಸ್ಥಳ ಸೀಮಿತವಾಗಿರುವುದರಿಂದ ಟಿಕೆಟ್ ಪಡೆಯುವಾಗಲೇ ಅದನ್ನೂ ಕಾಯ್ದಿರಿಸತಕ್ಕದ್ದು. ಸಮಯ ಮತ್ತು ಶುಲ್ಕವನ್ನು ಅದೇ ಸಂದರ್ಭದಲ್ಲಿ ವಿಚಾರಿಸಿಕೊಳ್ಳುವುದು.

ಮಾರ್ಗದ ಊರುಗಳಲ್ಲಿ ಸಣ್ಣ ಹೋಟೆಲುಗಳೂ, ಮನೆಗಳಲ್ಲಿ ನೀಡುವ ವಸತಿಯೂ, ಡೇರೆ ಹಾಕುವ ಸ್ಥಳಗಳೂ ಇವೆ. ಒಹಾಯೊಪೈಲ್ ರಾಜ್ಯ ಉದ್ಯಾನದಲ್ಲಿ ಹಾಗೂ ಕಾನ್‌ಫ್ಲುಯೆನ್ಸ್ ಬಳಿಯ ಅಣೆಕಟ್ಟಿನ ಕೆಳಗೆ ಡೇರೆ ಸ್ಥಳಗಳಿದ್ದು, ಅವುಗಳನ್ನು ಮುಂಗಡವಾಗಿ ಕಾಯ್ದಿರಿಸುವುದು ಉತ್ತಮ. ಗಣಿ, ಕಾರ್ಖಾನೆ ಮತ್ತು ರೈಲಿನ ಉದ್ಯೋಗಗಳು ಕೈತಪ್ಪಿದ ಊರುಗಳಲ್ಲಿ ಸೈಕಲ್ ಪ್ರವಾಸಿಗರಿಂದ ಬರುವ ವಹಿವಾಟು ಅನೇಕ ಕುಟುಂಬಗಳಿಗೆ ಆದಾಯವಾಗಿದೆ. ಸಣ್ಣ ಊರುಗಳಲ್ಲಿ ಉಪಹಾರ ಗೃಹಗಳು ಸಂಜೆ ಬೇಗ ಮುಚ್ಚುವುದರಿಂದಲೂ, ಶುದ್ಧ ಸಸ್ಯಾಹಾರ ಎಲ್ಲೆಡೆ ಸಿಗದಿರುವುದರಿಂದಲೂ ಸಸ್ಯಾಹಾರಿಗಳು ಒಂದು ದಿನಕ್ಕಾಗುವಷ್ಟು ಆಹಾರವನ್ನು ಜೊತೆಯಲ್ಲಿಟ್ಟುಕೊಳ್ಳುವುದು ಸೂಕ್ತ.

ಒಯ್ಯಬೇಕಾದ ಕನಿಷ್ಠ ಸಾಮಗ್ರಿ:
– ತಲಾ 2 ರಿಂದ 3 ಲೀಟರ್ ಕುಡಿಯುವ ನೀರು
– ಹೆಚ್ಚುವರಿ ಟ್ಯೂಬು, ಪಂಪು, ಪಂಕ್ಚರ್ ಹಾಕುವ ಸಾಮಗ್ರಿ
– ಮುಂದಿನ ಮತ್ತು ಹಿಂದಿನ ದೀಪ
– ಮಳೆ ಅಂಗಿ ಹಾಗೂ ಒಂದು ಬೆಚ್ಚನೆಯ ಉಡುಪು
– ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ನಿತ್ಯ ಸೇವಿಸುವ ಔಷಧ ಮತ್ತು ವೈದ್ಯರ ಚೀಟಿ
– ಮುದ್ರಿತ ನಕ್ಷೆ
– ಪಾಸ್‌ಪೋರ್ಟ್ ಮತ್ತು ಆರೋಗ್ಯ ವಿಮೆಯ ಪ್ರತಿ

9. ಸುರಕ್ಷತೆ ಮತ್ತು ಆರೋಗ್ಯ

ಕಣಿವೆಯ ಹಲವೆಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಅಂದಿನ ತಂಗುದಾಣ ಮತ್ತು ತಲುಪುವ ವೇಳೆಯನ್ನು ಮನೆಯವರಿಗೆ ತಿಳಿಸಿ ಹೊರಡುವುದು. ತುರ್ತು ಸಂದರ್ಭದಲ್ಲಿ 911ಕ್ಕೆ ಕರೆ ಮಾಡಿ, ಹತ್ತಿರದ ಮೈಲಿಗಲ್ಲಿನ ಸಂಖ್ಯೆಯನ್ನು ಹೇಳತಕ್ಕದ್ದು. ಆದ್ದರಿಂದ ದಾರಿಯುದ್ದಕ್ಕೂ ಮೈಲಿಗಲ್ಲುಗಳನ್ನು ಗಮನಿಸುತ್ತಿರುವುದು ಅವಶ್ಯ.

ಬಿಗ್ ಸ್ಯಾವೇಜ್ ಸುರಂಗದಲ್ಲಿ ದೀಪಗಳಿವೆ. ಫ್ರಾಸ್ಟ್‌ಬರ್ಗ್ ಬಳಿಯ ಬೋರ್ಡನ್ ಸುರಂಗದಲ್ಲಿ ದೀಪವಿಲ್ಲದ ಕಾರಣ ಸೈಕಲ್ ದೀಪ ಹಚ್ಚಿಕೊಳ್ಳತಕ್ಕದ್ದು. ಕಂಬರ್‌ಲ್ಯಾಂಡ್ ಕಡೆಯ ಬ್ರಷ್ ಸುರಂಗದಲ್ಲಿ ಪಥದ ಪಕ್ಕದಲ್ಲಿಯೇ ಪ್ರವಾಸಿ ರೈಲಿನ ಹಳಿ ಇದ್ದು, ರೈಲು ಬರುತ್ತಿದ್ದಲ್ಲಿ ಅದು ಹೊರಬರುವವರೆಗೆ ಸುರಂಗದ ಹೊರಗೆ ಕಾಯುವುದು.

ಪೆನ್ಸಿಲ್ವೇನಿಯದಲ್ಲಿ ಉಣುಗುಗಳಿಂದ ಹರಡುವ ಲೈಮ್ ರೋಗದ ಪ್ರಕರಣಗಳು ಹೆಚ್ಚಾಗಿ ವರದಿಯಾಗುತ್ತವೆ. ಮಂಗನ ಕಾಯಿಲೆಯ ಕಾರಣದಿಂದ ಉಣುಗಿನ ಅಪಾಯವನ್ನು ಬಲ್ಲ ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳವರಿಗೆ ಈ ಎಚ್ಚರಿಕೆ ಹೊಸದಲ್ಲ. ಆದರೆ ರೋಗ ಬೇರೆ. ಹುಲ್ಲು, ಪೊದೆಗಳಿಗೆ ಇಳಿಯದಿರುವುದು, ಉದ್ದನೆಯ ಉಡುಪು ಧರಿಸುವುದು, ಪ್ರತಿ ಸಂಜೆ ಮೈಯನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ. ಕಚ್ಚಿದ ಸ್ಥಳದ ಸುತ್ತ ಕೆಂಪು ಹರಡಿದಲ್ಲಿ ಅಥವಾ ಜ್ವರ ಬಂದಲ್ಲಿ ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು.

ಕಪ್ಪು ಕರಡಿ, ಜಿಂಕೆ ಮತ್ತು ವಿಷಸರ್ಪಗಳು ಈ ಕಾಡಿನಲ್ಲಿವೆ. ಆಹಾರವನ್ನು ಡೇರೆಯೊಳಗೆ ಇಟ್ಟುಕೊಳ್ಳಬಾರದು. ಶರತ್ಕಾಲದಲ್ಲಿ ಸುತ್ತಲಿನ ಕಾಡುಗಳಲ್ಲಿ ಬೇಟೆಗೆ ಕಾನೂನುಬದ್ಧ ಅವಕಾಶವಿರುವುದರಿಂದ ಎದ್ದು ಕಾಣುವ ಕಿತ್ತಳೆ ಬಣ್ಣದ ಮೇಲುಡುಪು ಧರಿಸುವುದು ಕ್ಷೇಮ. ಒಹಾಯೊಪೈಲ್ ಜಲಪಾತದ ಮೇಲ್ಭಾಗದಲ್ಲಿ ನೀರಿಗೆ ಇಳಿಯಬಾರದು.

10. ಮಾದರಿ ಪ್ರವಾಸ ಯೋಜನೆ (ಐದು ದಿನಗಳು)

ಮೊದಲ ದಿನ: ಪಿಟ್ಸ್‌ಬರ್ಗ್‌ನಿಂದ ವೆಸ್ಟ್ ನ್ಯೂಟನ್ – ಸುಮಾರು 58 ಕಿ.ಮೀ.
ಎರಡನೆಯ ದಿನ: ವೆಸ್ಟ್ ನ್ಯೂಟನ್‌ನಿಂದ ಒಹಾಯೊಪೈಲ್ – ಸುಮಾರು 67 ಕಿ.ಮೀ.
ಮೂರನೆಯ ದಿನ: ಒಹಾಯೊಪೈಲ್‌ನಿಂದ ರಾಕ್‌ವುಡ್ – ಸುಮಾರು 45 ಕಿ.ಮೀ.
ನಾಲ್ಕನೆಯ ದಿನ: ರಾಕ್‌ವುಡ್‌ನಿಂದ ಫ್ರಾಸ್ಟ್‌ಬರ್ಗ್ – ಸುಮಾರು 45 ಕಿ.ಮೀ.
ಐದನೆಯ ದಿನ: ಫ್ರಾಸ್ಟ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್ – ಸುಮಾರು 26 ಕಿ.ಮೀ.
ಒಟ್ಟು – ಸುಮಾರು 241 ಕಿ.ಮೀ.

ಪೂರ್ಣ ಪ್ರವಾಸ ಸಾಧ್ಯವಾಗದವರು ಒಂದು ದಿನದ ಸವಾರಿಯನ್ನು ಆಯ್ಕೆ ಮಾಡಿಕೊಳ್ಳಬಹುದು. ಒಹಾಯೊಪೈಲ್ ಮತ್ತು ಕಾನ್‌ಫ್ಲುಯೆನ್ಸ್ ನಡುವಿನ ಸುಮಾರು 16 ಕಿಲೋಮೀಟರ್ ದಾರಿಯು ನದಿ ಮತ್ತು ಅರಣ್ಯ ಎರಡನ್ನೂ ಒಳಗೊಂಡಿದ್ದು ಸಮತಟ್ಟಾಗಿದೆ. ಹಿರಿಯರಿಗೆ ಫ್ರಾಸ್ಟ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ಗೆ ಇಳಿಯುವ ದಾರಿಯು ಶ್ರಮರಹಿತವಾಗಿರುತ್ತದೆ.

11. ವಾಷಿಂಗ್ಟನ್‌ವರೆಗೆ ಮುಂದುವರಿಕೆ

ಕಂಬರ್‌ಲ್ಯಾಂಡ್‌ನಲ್ಲಿ ಚೆಸಪೀಕ್ ಮತ್ತು ಒಹಾಯೊ ಕಾಲುವೆಯ ದಡದ ದಾರಿ ಆರಂಭವಾಗಿ, ಪೊಟೋಮ್ಯಾಕ್ ನದಿಯ ಪಕ್ಕದಲ್ಲಿ 297 ಕಿಲೋಮೀಟರ್ (184.5 ಮೈಲಿ) ಸಾಗಿ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ತಲುಪುತ್ತದೆ. 1828ರಲ್ಲಿ ಆರಂಭವಾದ ಕಾಲುವೆಯ ಕೆಲಸ 1850ರಲ್ಲಿ ಕಂಬರ್‌ಲ್ಯಾಂಡ್ ತಲುಪಿತು. ಹೇಸರಗತ್ತೆಗಳು ದೋಣಿಗಳನ್ನು ಎಳೆಯುತ್ತಿದ್ದ ದಡದ ದಾರಿಯೇ ಇಂದಿನ ಸೈಕಲ್ ಪಥ. 1924ರಲ್ಲಿ ಕಾಲುವೆಯ ಬಳಕೆ ನಿಂತಿತು.

ಈ ಕಾಲುವೆಯ ಜಾಡಿನಲ್ಲಿ ಮೋಟಾರು ರಸ್ತೆ ನಿರ್ಮಿಸುವ ಪ್ರಸ್ತಾವ 1950ರ ದಶಕದಲ್ಲಿ ಇತ್ತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಅದನ್ನು ಬೆಂಬಲಿಸಿ 1954ರಲ್ಲಿ ಸಂಪಾದಕೀಯ ಬರೆದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಸ್ ಅವರು ತಮ್ಮೊಡನೆ ದಾರಿಯುದ್ದಕ್ಕೂ ನಡೆದು ನೋಡುವಂತೆ ಸಂಪಾದಕರನ್ನು ಆಹ್ವಾನಿಸಿದರು. ಆ ವರ್ಷದ ಮಾರ್ಚ್‌ನಲ್ಲಿ ಕಂಬರ್‌ಲ್ಯಾಂಡ್‌ನಿಂದ ಹೊರಟ ತಂಡದಲ್ಲಿ ಕೊನೆಯವರೆಗೆ ನಡೆದವರು ಡಗ್ಲಸ್ ಅವರೂ ಸೇರಿ ಒಂಬತ್ತು ಮಂದಿ. ಪತ್ರಿಕೆಯು ತನ್ನ ನಿಲುವನ್ನು ಸಡಿಲಿಸಿತು. ರಸ್ತೆಯ ಪ್ರಸ್ತಾವ ಕ್ರಮೇಣ ಕೈಬಿಟ್ಟುಹೋಯಿತು. 1971ರಲ್ಲಿ ಕಾಲುವೆಯು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಹೀಗೆ ಇಡೀ ದಾರಿ ಅಖಂಡವಾಗಿ ಉಳಿದುದರಿಂದ ಇಂದು ಪಿಟ್ಸ್‌ಬರ್ಗ್‌ನಿಂದ ವಾಷಿಂಗ್ಟನ್‌ವರೆಗೆ ಸುಮಾರು 538 ಕಿಲೋಮೀಟರ್ ದೂರವನ್ನು ಮೋಟಾರು ರಸ್ತೆಯನ್ನು ಅವಲಂಬಿಸದೆ ಕ್ರಮಿಸಬಹುದಾಗಿದೆ.

ಕಾಲುವೆ ದಡದಲ್ಲಿ ಕೆಲವು ಮೈಲಿಗಳಿಗೊಂದರಂತೆ ಉಚಿತ ಡೇರೆ ಸ್ಥಳಗಳಿದ್ದು, ಮೊದಲು ಬಂದವರಿಗೆ ಆದ್ಯತೆಯ ಮೇರೆಗೆ ಒಂದು ರಾತ್ರಿ ತಂಗಬಹುದು. ಅಲ್ಲಿನ ಕೈಪಂಪುಗಳ ನೀರು ಚಳಿಗಾಲದಲ್ಲಿ ಲಭ್ಯವಿರುವುದಿಲ್ಲ. ಮಳೆಯ ನಂತರ ದಾರಿ ಕೆಸರಾಗುವುದರಿಂದ ಅಗಲವಾದ ಟೈರು ಉತ್ತಮ. ಸುಮಾರು 950 ಮೀಟರ್ ಉದ್ದದ ಪಾ ಪಾ ಸುರಂಗದಲ್ಲಿ ದೀಪವಿಲ್ಲ. ಅಲ್ಲಿ ಸೈಕಲ್‌ನಿಂದ ಇಳಿದು ನಡೆಯತಕ್ಕದ್ದು.

12. ಕರ್ನಾಟಕದ ಅರಣ್ಯಗಳಿಗೆ ಸಂಬಂಧಿಸಿದ ಸ್ಪಷ್ಟೀಕರಣ

ಮೇಲೆ ವಿವರಿಸಿದ ಮುಕ್ತ ಪ್ರವೇಶವು ಅಲ್ಲಿನ ಮಾರ್ಗಕ್ಕೆ ಮಾತ್ರ ಸಂಬಂಧಿಸಿದ್ದು. ನಮ್ಮ ರಾಜ್ಯದ ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ಕ್ಕೆ ಒಳಪಟ್ಟಿರುತ್ತದೆ. ಅನುಮತಿಯಿಲ್ಲದೆ ಸೈಕಲ್‌ನಲ್ಲಿಯಾಗಲಿ, ಕಾಲ್ನಡಿಗೆಯಲ್ಲಿಯಾಗಲಿ ಪ್ರವೇಶಿಸುವುದು ಅಪರಾಧವಾಗುತ್ತದೆ. ಆನೆ ಮತ್ತು ಹುಲಿ ಸಂಚರಿಸುವ ಕಾಡಿನಲ್ಲಿ ಈ ನಿರ್ಬಂಧ ನಾಗರಿಕರ ಪ್ರಾಣರಕ್ಷಣೆಗೂ ಅಗತ್ಯ. ಅನುಮತಿಗಾಗಿ ಸಂಬಂಧಪಟ್ಟ ಅರಣ್ಯ ಕಚೇರಿಯನ್ನು ಮುಂಚಿತವಾಗಿ ಸಂಪರ್ಕಿಸತಕ್ಕದ್ದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರವಾಸಿ ವೀಸಾ ಹೊಂದಿರುವವರು ಈ ಮಾರ್ಗದಲ್ಲಿ ಸಂಚರಿಸಬಹುದೇ?
ಉತ್ತರ: ಸಂಚರಿಸಬಹುದು. ಪ್ರತ್ಯೇಕ ಅನುಮತಿ ಬೇಕಾಗಿಲ್ಲ. ವೀಸಾ ಅವಧಿಯೊಳಗೆ ಪ್ರವಾಸ ಮುಗಿಯುವಂತೆ ನೋಡಿಕೊಳ್ಳುವುದು.

ಪ್ರಶ್ನೆ: ಆರೋಗ್ಯ ವಿಮೆ ಅವಶ್ಯವೇ?
ಉತ್ತರ: ಮಾರ್ಗದ ಬಳಕೆಗೆ ಕಡ್ಡಾಯವಲ್ಲ. ಆದರೆ ಅಮೆರಿಕದಲ್ಲಿ ಚಿಕಿತ್ಸಾ ವೆಚ್ಚ ಅತ್ಯಧಿಕವಾಗಿರುವುದರಿಂದ ವಿಮೆ ಇಲ್ಲದೆ ಹೊರಡಬಾರದು. ಸೈಕಲ್ ಸವಾರಿಯಿಂದಾದ ಗಾಯಗಳಿಗೆ ವಿಮೆ ಅನ್ವಯಿಸುವುದೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು.

ಪ್ರಶ್ನೆ: ರಾತ್ರಿ ಸವಾರಿ ಮಾಡಬಹುದೇ?
ಉತ್ತರ: ಮಾಡದಿರುವುದು ಸೂಕ್ತ. ಕತ್ತಲಾಗುವುದಕ್ಕೆ ಒಂದು ಗಂಟೆ ಮೊದಲು ತಂಗುದಾಣ ತಲುಪುವಂತೆ ದಿನದ ದೂರವನ್ನು ನಿಗದಿಪಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಸಾಮಾನ್ಯ ಸೈಕಲ್ ಸಾಕೇ?
ಉತ್ತರ: ಗೇರು ಇರುವ, ಸ್ವಲ್ಪ ಅಗಲವಾದ ಟೈರಿನ ಸಾಧಾರಣ ಸೈಕಲ್ ಸಾಕಾಗುತ್ತದೆ. ತೀರಾ ಸಪೂರವಾದ ಟೈರಿನ ಪಂದ್ಯದ ಸೈಕಲ್ ಕಲ್ಲುಪುಡಿಯ ದಾರಿಗೆ ಒಗ್ಗುವುದಿಲ್ಲ.

14. ಸೂಚನೆ

ಈ ಪುಟದ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ದೂರಗಳು ಅಂದಾಜಿನವಾಗಿದ್ದು, ಸುರಂಗ ಮುಚ್ಚುವ ದಿನಾಂಕ, ರೈಲಿನ ವೇಳೆ ಮತ್ತು ವಸತಿ ದರಗಳು ಕಾಲಕಾಲಕ್ಕೆ ಬದಲಾಗುತ್ತವೆ. ಪ್ರಯಾಣದ ಒಂದು ವಾರ ಮೊದಲು ಸುರಂಗದ ಸ್ಥಿತಿಗತಿ, ವಸತಿ, ಹಿಂತಿರುಗುವ ರೈಲು ಮತ್ತು ವಿಮೆ ಎಂಬ ನಾಲ್ಕು ವಿಷಯಗಳನ್ನು ಖಚಿತಪಡಿಸಿಕೊಂಡು ಹೊರಡಬೇಕೆಂದು ನಾಗರಿಕರಲ್ಲಿ ವಿನಂತಿಸಲಾಗಿದೆ.